ಇಬ್ಬರು ದೊಡ್ಡತಾಯಮ್ಮಂದಿರು ಮತ್ತು ಒಂದು ಹುಸಿಚೇಳು

ಇದು ನಡೆದ ಸಂಗತಿ. ಸುಳ್ಳಾದರೆ ಹೇಳುವವನ ನಾಲಗೆಯ ಮೇಲೆ ಕಟ್ಟಿರುವೆ ಹರಿದಾಡಲಿ.

ಮೈಸೂರಿನಲ್ಲಿ ಬಿ.ಎಸ್‌ಸಿ. ಓದುತ್ತಿದ್ದ ರಂಗಸ್ವಾಮಿ ಬೇಸಿಗೆ ರಜಕ್ಕೆ ಸಂತೆಬಾಚಹಳ್ಳಿ ಪಕ್ಕದ ಸೋದರಮಾವ ಮಾಯಣ್ಣನ ಊರಿಗೆ ಬಂದವನು, ತರಗತಿ ಬಿಟ್ಟು ತರಗೆಲೆಗೆ ಬಿದ್ದಿದ್ದ. ಹೊಂಗೆ ತೋಪಿನಲ್ಲಿ ಬಿಳಿ ಪಂಚೆ ಹಾಸಿ, ಒಣಗೆಲೆಯನ್ನು ಅತ್ತೆಯ ಜರಡಿಯಲ್ಲಿ ಆಡಿಸುವುದು. ಉದುರಿದ ಜರಿ, ಜೇಡ, ಗೆದ್ದಲುಗಳನ್ನು ಭೂತಗನ್ನಡಿ ಹಿಡಿದು ನೋಡುವುದು. ಅವನಿಗೆ ಬೇಕಾಗಿದ್ದುದು ಹುಸಿಚೇಳು. ಗಾತ್ರ ಎಳ್ಳುಕಾಳಿನಷ್ಟು, ಮುಂದೆ ಚೇಳಿನ ಇಕ್ಕುಳ, ಹಿಂದೆ ಕೊಂಡಿಯೇ ಇಲ್ಲ. ಜೀವಂತವಾದದ್ದೊಂದನ್ನು ತಂದರೆ ಕಾಲೇಜಿನ ದೊಡ್ಡ ಸೂಕ್ಷ್ಮದರ್ಶಕ ಮುಟ್ಟಲು ಬಿಡುತ್ತೇನೆಂದು ಮೇಷ್ಟ್ರು ಮಾತು ಕೊಟ್ಟಿದ್ದರು. ಅದೇ ಮೇಷ್ಟ್ರ ಕೆಮ್ಮನ್ನು ಅಣಕಿಸಿ ಸಿಕ್ಕಿಬಿದ್ದಿದ್ದರಿಂದ ಈವರೆಗೆ ಅದರ ಹತ್ತಿರ ಸುಳಿಯುವ ಹಾಗಿರಲಿಲ್ಲ.

ತೊಂದರೆಯೆಂದರೆ ಮಾವ. ಮಳೆಗೆ ಮುಂಚೆ ತಿಪ್ಪೆ ಸೇರಬೇಕೆಂದು ತರಗನ್ನೆಲ್ಲ ಗಾಡಿಗಟ್ಟಲೆ ಸಾಗಿಸುತ್ತಿದ್ದ. ಉಳಿದಿದ್ದುದು ಒಂದೇ ಗುಡ್ಡೆ.

“ಮಾವ, ಇದೊಂದು ಬಿಟ್ಬುಡಿ.”

“ಉಳ ನೋಡಾಕೆ ಮೈಸೂರ್‌ಗಂಟ ಓಗಿ ಓದ್ಬೇಕೇನ್ಲಾ? ನಮ್ಮನೆ ಅವರೆಕಾಳಲ್ಲೇ ಬೇಕಾದಷ್ಟವೆ, ಬಾ!” ಎಂದು ಮಾಯಣ್ಣ ಕುಕ್ಕೆ ತುಂಬತೊಡಗಿದ.

ರಂಗಸ್ವಾಮಿ ಮರದ ಹಿಂದೆ ಸರಿದು, ಅತ್ತೆ ದೊಡ್ಡತಾಯಮ್ಮನ ದನಿ ತೆಗೆದ: “ಇವ್ರೇ... ಬನ್ನಿ, ಮುದ್ದೆ ಆರೋಯ್ತದೆ!”

ಮಾಯಣ್ಣ ಕದಲಲಿಲ್ಲ. ಮರೆಯಿಂದ ಯಾರು ಕೂಗಿದರೂ ಮೂರನೆಯ ಕೂಗಿಗೆ ಮುಂಚೆ ಆ ಊರಲ್ಲಿ ಓಗೊಡುವವರಿಲ್ಲ. ದೆವ್ವ ಗುರುತಿನವರ ದನಿಯಲ್ಲೇ ಕರೆಯುತ್ತದೆ, ಆದರೆ ಎರಡೇ ಸಲ ಎಂಬ ನಂಬಿಕೆ. ಅದನ್ನು ಬಲ್ಲ ರಂಗಸ್ವಾಮಿ ಮತ್ತೆರಡು ಸಲ ಕೂಗಿದ. ಮಾವ ಕುಕ್ಕೆ ಎಸೆದು ಮನೆಗೆ ಹೊರಟ. ಅಳಿಯ ಜರಡಿ ಹಿಡಿದ.

ಅರ್ಧ ಗುಡ್ಡೆ ಮುಗಿಯುವಷ್ಟರಲ್ಲಿ ಮಾವ ವಾಪಸು, ಮುಖ ಬಿಳಿಚಿಕೊಂಡು.

“ಮನೇಲಿ ಒಲೆನೇ ಅಚ್ಚಿಲ್ಲ ಕಣ್ಲಾ! ನಿಮ್ಮತ್ತೆ ಸಂತೆಗೋಗವ್ಳೆ. ಈ ಕಾಲದ ದೆವ್ವ ಮೂರ್‌ಗಂಟ ಎಣ್ಸೋದ ಕಲ್ತ್‌ಬುಟ್ಟೈತೆ!”

“ಇಸ್ಕೂಲಿಗೆ ಸೇರಿರ್ಬೇಕು ಮಾವ.”

ಹೆದರಿಕೆ ಬೇರೆ, ಗೊಬ್ಬರ ಬೇರೆ. ಮಾಯಣ್ಣ ಮತ್ತೆ ಕುಕ್ಕೆ ಎತ್ತಿದ. ರಂಗಸ್ವಾಮಿ ಮತ್ತೆ ಮರದ ಹಿಂದೆ ಹೋಗಿ, “ಇವ್ರೇ...” ಎಂದು ರಾಗ ಎಳೆದ. ಅದೇ ಗಳಿಗೆಗೆ, ಸಂತೆ ಮುಗಿಸಿ ಬರುತ್ತಿದ್ದ ನಿಜವಾದ ದೊಡ್ಡತಾಯಮ್ಮ ತೋಪಿನ ಆ ಕೊನೆಯಿಂದ ಗುಡುಗಿದಳು: “ಇವ್ರೇ! ಚೀಲ ಇಡ್ಕಳಿ ಬನ್ನಿ!”

“ಅಯ್ಯಪ್ಪಾ! ಒಬ್ಳನ್ನೇ ತಡ್ಕಳಾಕಾಗಲ್ಲ, ಇನ್ನೊಬ್ಳಾ!” ಮಾಯಣ್ಣ ಎರಡೂ ಕೈಯೆತ್ತಿ ಹಿಂದಿಂದಕ್ಕೆ ಹೋಗಿ, ಗುಡ್ಡೆಯ ಮೇಲೆ ಧೊಪ್ಪನೆ ಕೂತ. ತರಗು ಎದ್ದು ಪಂಚೆಯ ತುಂಬ ಚೆಲ್ಲಿತು.

ಅತ್ತೆ ಬಂದವಳೇ ಮರದ ಹಿಂದಿನ ದೆವ್ವವನ್ನು ಕಿವಿ ಹಿಡಿದು ಎಳೆತಂದಳು. “ನಾನ್ಯಾವತ್ತು ಇಷ್ಟು ನಯವಾಗಿ ಕೂಗಿದ್ದೀನ್ಲಾ? ಅಲ್ಲೇ ಗೊತ್ತಾಗ್ಬೇಕಿತ್ತು ನಿಮ್ಮಾವಂಗೆ!”

“ಅತ್ತೇ, ಬುಡಿ ಬುಡಿ! ಸಿಕ್ತು!” ಪಂಚೆಯ ಮೇಲೆ ಎಳ್ಳುಕಾಳೊಂದು ನಡೆಯುತ್ತಿತ್ತು. ರಂಗಸ್ವಾಮಿ ಬಗ್ಗಿದ, ಕಿವಿಯ ಜೊತೆಗೆ ಅತ್ತೆಯೂ ಬಗ್ಗಿದಳು.

“ನನ್ನ ಜೀವ ತೆಗ್ದಿದ್ದು ಇದ್ಕಾ? ಕೊಡ್ಲಾ ಇಲ್ಲಿ!” ಮಾಯಣ್ಣ ಭೂತಗನ್ನಡಿ ಕಿತ್ತುಕೊಂಡ. ದೊಡ್ಡತಾಯಮ್ಮ ಇದೇನೆಂದು ಬೆರಳು ಹತ್ತಿರ ತಂದಳು. ಹುಸಿಚೇಳು ಎರಡೂ ಇಕ್ಕುಳ ಮೇಲೆತ್ತಿ, ಸರಸರನೆ ಹಿಂದಿಂದಕ್ಕೆ ಓಡಿತು.

ಮಾಯಣ್ಣ ಗಾಜಿನಿಂದ ಕಣ್ಣು ಕೀಳಲಿಲ್ಲ. ಅವನ ಹೊಟ್ಟೆ ಮೆಲ್ಲಗೆ ಕುಲುಕತೊಡಗಿತು.

“ಲೇ... ಇದು ನಾನೇ ಕಣ್ಲಾ! ನಿಮ್ಮತ್ತೆ ಕಂಡ್ರೆ ಇದ್ಕೂ ಅಂಗೇ ಆಯ್ತದೆ!”

ಅಳಿಯ ನಕ್ಕ, ಅತ್ತೆ ಸೆರಗು ಬಾಯಿಗಿಟ್ಟು ನಕ್ಕಳು. ಮಾಯಣ್ಣನ ನಗೆಗೆ ಮಾತ್ರ ಗಾಡಿಯ ಎತ್ತುಗಳೂ ಬೆಚ್ಚಿದವು. ಆ ಗಾಳಿಗೆ ಎಲ್ಲಿ ಹಾರಿಹೋಗುತ್ತದೋ ಎಂದು ರಂಗಸ್ವಾಮಿ ಹುಸಿಚೇಳನ್ನು ಸೀಸೆಗೆ ಸೇರಿಸುತ್ತಿದ್ದರೆ, ಮಾವ ತರಗಿನ ಮೇಲೆ ಬಿದ್ದು ಹೊರಳಾಡುತ್ತಲೇ ಇದ್ದ.