ಶೀತಗೃಹದಲ್ಲಿ ಎದ್ದ ಕಲ್ಲು

ಮಚ್ಛೆಯ ನಮ್ಮ ಶೀತಗೃಹದ ನೆಲ ಬಾತುಕೊಂಡಿತು. ನಾಲ್ಕು ಬೆರಳು ಎದ್ದು ಬಾಗಿಲಿಗೆ ತಡೆಯಾಯಿತು. ಬಾಗಿಲು ಮುಚ್ಚದಿದ್ದರೆ ಗೋವೆಗೆ ಹೋಗುವ ಬಟಾಣಿ ಕೊಳೆಯುತ್ತದೆ. ಮಾಲೀಕ ಈರಣ್ಣ ನನ್ನನ್ನು ಕರೆದ.

"ರಾಯಪ್ಪ, ಹದಿನೈದ ದಿನದಾಗ ಬಾಗ್ಲಾ ಮುಚ್ಚಬೇಕು. ಇಲ್ಲಾಂದ್ರ ನಿಮ್ಮೂರು ಖಾನಾಪುರಕ್ಕ ಹೋಗಿ ಕುರಿ ಕಾಯಿ."

ಹದಿನಾರು ವರ್ಷ ಮೇಸ್ತ್ರಿಯಾಗಿ ದುಡಿದವನಿಗೆ ಆಡುವ ಮಾತೇ ಇದು?

ನೆಲ ಅಗೆಯೋಣವೆಂದರೆ ಹೊಸ್ತಿಲ ಬಳಿ ಕಾಂಕ್ರೀಟ್ ಸೀಳಿ ಒಂದು ಕರಿ ಗುಂಡುಕಲ್ಲು ಮೇಲೆ ಬಂದಿತ್ತು. ಹಮಾಲರ ಹಿರಿಯ ಬೀರಣ್ಣ ಆಗಲೇ ಅದಕ್ಕೆ ಭಂಡಾರದ ಅರಿಶಿನ ಬಳಿದು ಕೂತಿದ್ದ.

"ದೇವರು ತಾನಾಗೇ ಎದ್ದಾನ. ಅಗಿಯಾಕ ಹಾರಿ ಹಚ್ಚಿದವನ ಕೈ ಮುರೀತೈತಿ ನೋಡ್ರಿ."

ಈರಣ್ಣನ ಮಗಳು ನೇತ್ರಾ ಮಣ್ಣಿನ ವಿಜ್ಞಾನ ಓದಿದವಳು. ಅವಳು ತಿಳಿಸಿ ಹೇಳಿದಳು: "ಮಣ್ಣು ಹೆಪ್ಪುಗಟ್ಟಬಾರದಂತ ನೆಲದ ಬುಡಕ ಇಟ್ಟ ಹೀಟರ್ ಕೆಟ್ಟೈತಿ ಕಾಕಾ. ಉತ್ತರ ಧ್ರುವದ ಕಡೆ ಎಲ್ಲಾ ಹಿಂಗ. ಮಣ್ಣಾಗಿನ ನೀರು ಹೆಪ್ಪುಗಟ್ಟಿ ಉಬ್ಬಿ ಕಲ್ಲು ಎತ್ತತೈತಿ. ಕರಗಿದಾಗ ಕಲ್ಲಿನ ಕೆಳಗ ಮಣ್ಣು ಸೇರತೈತಿ, ಕಲ್ಲು ತಿರುಗಿ ಇಳಿಯಂಗಿಲ್ಲ. ಇಳಿಜಾರಿದ್ರ ಕರಗಿದ ಮಣ್ಣು ರಾಡಿಯಾಗಿ ಜಾರತೈತಿ."

"ಅಲ್ಲಿ ಎಲ್ಲಾ ಕಲ್ಲೂ ಹಿಂಗ ಏಳ್ತಾವೇನವ್ವಾ?" ಬೀರಣ್ಣ ಉತ್ತರಕ್ಕೆ ತಿರುಗಿ ಕೈ ಮುಗಿದ. "ಭಾಳ ಪುಣ್ಯದ ಸೀಮಿ!"

ಕೊನೆಗೆ ದೇವರನ್ನೇ ಕೇಳುವುದೆಂದಾಯಿತು. ಕಲ್ಲಿನ ಎಡಬಲಕ್ಕೆ ನೀರು ಹಚ್ಚಿ ಒಂದೊಂದು ಸೇವಂತಿಗೆ ಅಂಟಿಸಿದರು. ಬಲದ ಹೂ ಮೊದಲು ಬಿದ್ದರೆ ಅಗೆಯಲು ಒಪ್ಪಿಗೆ; ಎಡದ್ದು ಬಿದ್ದರೆ ಇಲ್ಲ. ಕಂಬಳಿ ಹೊದ್ದು ಒಂದು ತಾಸು ನಿಂತೆವು. ಹಲ್ಲು ಕಟಕಟ ಅಂದವು, ಹೂ ಮಾತ್ರ ಅಲುಗಲಿಲ್ಲ.

"ಎಂಥಾ ಶಾಣ್ಯಾರೋ ನೀವು! ಹೂ ಬರ್ಫ್ ಆಗಿ ಕಲ್ಲಿಗೆ ಹತ್ಗೊಂಡೈತಿ!" ಎಂದು ಕೂಗಿದೆ.

"ದೇವರಿಗೆ ಇಲ್ಲದ ಅವಸರ ನಿಮಗ್ಯಾಕ್ರೀ?" ಎಂದ ಬೀರಣ್ಣ.

ಬಟಾಣಿಯನ್ನು ರವಿವಾರ ಪೇಟೆಯ ವ್ಯಾಪಾರಿಯೊಬ್ಬನ ಶೀತಗೃಹಕ್ಕೆ ಸಾಗಿಸಿ, ನೆಲ ಕರಗಲೆಂದು ತಂಪಿನ ಯಂತ್ರ ಬಂದ್ ಮಾಡಿಸಿದೆ. ಮರುದಿನ ಎರಡೂ ಹೂ ಒಟ್ಟಿಗೇ ಬಿದ್ದವು.

"ದೇವರು ಇನ್ನೂ ವಿಚಾರ ಮಾಡಾಕತ್ತಾನ," ಎಂದ ಬೀರಣ್ಣ. ನಾನು ಹಣೆ ಚಚ್ಚಿಕೊಂಡೆ.

ಹನ್ನೊಂದನೆಯ ದಿನ ನೆಲ ಕುಸಿಯಿತು. ಹೊಸ್ತಿಲ ಸೀಳಿನಿಂದ ರಾಡಿ ಉಕ್ಕಿ, ಲಾರಿ ಹಚ್ಚುವ ಇಳಿಜಾರಿಗೆ ಮೆಲ್ಲಗೆ ಇಳಿಯತೊಡಗಿತು. ಅದರ ಮೇಲೆ ಕೂತು ಕಲ್ಲೂ ಹೊರಟಿತು. ಹಮಾಲರು ಹಾದಿ ಬಿಟ್ಟು ಭಂಡಾರ ತೂರಿದರು. ಸಂಜೆಯ ಹೊತ್ತಿಗೆ ಕಲ್ಲು ಎರಡು ಮೊಳ ಸರಿದು, ಹೊರಗೆ ಬಾಗಿಲು ತೆರೆದುಕೊಳ್ಳುವ ಪಕ್ಕಕ್ಕೆ ನಿಂತಿತು.

ಇನ್ನು ಯಾರನ್ನೂ ಕೇಳಲಿಲ್ಲ. ಅಗೆಸಿ, ಹೀಟರ್ ಬದಲಿಸಿ, ನೆಲ ಕಟ್ಟಿಸಿದೆ. ಹದಿನೈದನೆಯ ದಿನ ಬಾಗಿಲು ಟಪ್ಪೆಂದು ಮುಚ್ಚಿತು. ಈರಣ್ಣ ಬೆನ್ನು ತಟ್ಟಿದ. ನಾನು ಊಟ ಮಾಡಿ ಬಂದು ಬಾಗಿಲು ತೆರೆದರೆ ಅರ್ಧಕ್ಕೇ ನಿಂತಿತು. ಕೈಗಾಡಿ ಒಳಗೆ ಹೋಗುವಂತಿಲ್ಲ. ಅಷ್ಟರಲ್ಲಿ ಬೀರಣ್ಣ ಕಲ್ಲು ನಿಂತಲ್ಲೇ ಅದರ ಸುತ್ತ ಇಟ್ಟಂಗಿಯ ಕಟ್ಟೆ ಕಟ್ಟಿದ್ದ.

"ಸರಸೋ ಇದನ್ನ!" ಎಂದೆ.

"ಹೂ ಕೇಳೂಣ್ರಿ."

ಬಿಸಿಲಿನಲ್ಲಿ ಹೂ ತಟ್ಟನೆ ಬಿತ್ತು. ಎಡದ್ದು.

ಈರಣ್ಣ ನನ್ನ ಮುಖ ನೋಡಿದ. ನಾನು ಬೋಲ್ಟು ಬಿಚ್ಚುವ ಪಾನಾ ತಂದು, ಬಾಗಿಲು ತಿರುಗುವ ಬಿಜಾಗರಿ ಬಿಚ್ಚಿ, ಕಟ್ಟೆ ಇಲ್ಲದ ಇನ್ನೊಂದು ಬದಿಗೆ ಕೂಡಿಸಿದೆ.