ಎದುರಾಳಿ ಕಟ್ಟುವ ಗಂಟು

ಚಿತ್ತಾಪುರದ ತಗಡಿನ ಕೆಲಸಗಾರ ಹಾಜಿಮಲಂಗ್ ತಯಾರಿಸುತ್ತಿದ್ದ ಬಖ್ತರವನ್ನು, ಅಂದರೆ ತಗಡಿನ ಕವಚವನ್ನು, ತೊಟ್ಟವನು ತಾನೇ ಕಟ್ಟಿಕೊಳ್ಳುವಂತಿರಲಿಲ್ಲ. ಎದೆಗೆ ಒಂದೇ ತಗಡು. ಬೆನ್ನಿಗೆ ಎರಡು ಹೋಳು. ಆ ಹೋಳುಗಳನ್ನು ಬೆನ್ನುಹುರಿಯ ಗುಂಟ, ಸೊಂಟದಿಂದ ಕತ್ತಿನವರೆಗೆ, ಚರ್ಮದ ಬಾರುಗಳಿಂದ ಏಳು ಕಡೆ ಗಂಟು ಹಾಕಿ ಬಿಗಿಯಬೇಕು. ಅದಕ್ಕೆ ಇನ್ನೊಬ್ಬ ಮನುಷ್ಯ ಬೇಕು. ಆ ಮನುಷ್ಯ ಯಾರಾದರೂ ಆಗಬಹುದಿತ್ತು. ಆದರೆ ಹಾಜಿಮಲಂಗನಿಗೆ ಕತ್ತಿ-ಗುರಾಣಿಯ ಆಟ ಕಲಿಸಿದ ಅಬ್ದುಲ್ ಸಲಾಂ ಉಸ್ತಾದರ ತಾಲೀಮಿನಲ್ಲಿ ಅದಕ್ಕೊಂದು ಕಟ್ಟುನಿಟ್ಟಾದ ನಿಯಮವಿತ್ತು. ಯಾರು ನಿನ್ನ ಮೇಲೆ ಕತ್ತಿ ಬೀಸುವನೋ ಅವನೇ ನಿನ್ನ ಬಖ್ತರವನ್ನು ಕಟ್ಟಬೇಕು. ಆಟ ಮುಗಿದ ಮೇಲೆ ಅವನೇ ಬಿಚ್ಚಬೇಕು. ಹೊಡೆಯುವವನಿಗೆ ತಾನು ಹೊಡೆಯುವ ಮೈ ಎಷ್ಟು ಮೆತ್ತಗಿದೆ ಎಂಬುದು ತನ್ನ ಬೆರಳುಗಳಿಂದಲೇ ಗೊತ್ತಾಗಬೇಕೆಂದು ಉಸ್ತಾದರು ಹೇಳುತ್ತಿದ್ದರು.

ರಾಜ್ಯಕ್ಕೆ ಕರ್ನಾಟಕವೆಂಬ ಹೊಸ ಹೆಸರು ಬಂದ ವರ್ಷ, ದಸರೆಯ ಹಿಂದಿನ ವಾರ, ಸೇಡಮಿನ ವಕೀಲರಾದ ಕಲ್ಯಾಣಪ್ಪನವರು ಹಾಜಿಮಲಂಗನ ಅಂಗಡಿಗೆ ಬಂದರು. ಆ ಹೆಸರಿನ ಸಂಭ್ರಮಕ್ಕೆಂದು ನವೆಂಬರಿನಲ್ಲಿ ಮಳಖೇಡದ ಹಳೆಯ ಕೋಟೆಯಲ್ಲಿ ರಾಷ್ಟ್ರಕೂಟರ ಸೈನ್ಯದ ದೃಶ್ಯವನ್ನು ಕಟ್ಟಬೇಕೆಂದು ಒಂದು ಸಮಿತಿ ನಿಶ್ಚಯಿಸಿತ್ತು. ಸಮಿತಿಯ ಸದಸ್ಯರೇ ಸೈನಿಕರು: ವಕೀಲರು, ಗುಮಾಸ್ತರು, ಬಟ್ಟೆಯ ವ್ಯಾಪಾರಿಗಳು. ಅವರು ಕೋಟೆಯ ಬಯಲಿನಲ್ಲಿ ಡೇರೆ ಹಾಕಿ ಎರಡು ದಿನ ಬೀಡುಬಿಡುವವರಿದ್ದರು. ಇಪ್ಪತ್ತು ಬಖ್ತರ, ಇಪ್ಪತ್ತು ಶಿರಸ್ತ್ರಾಣ ಬೇಕಾಗಿದ್ದವು. ಕಲ್ಯಾಣಪ್ಪನವರು ಮಾದರಿಯ ಬಖ್ತರವನ್ನು ಹಿಂದುಮುಂದು ತಿರುಗಿಸಿ ನೋಡಿದರು.

"ಹಾಜಿ, ಇಷ್ಟೆಲ್ಲಾ ಗಂಟು ಯಾಕ್ರಿ? ಬಗಲಾಗ ಎರಡು ಹುಕ್ಕು ಹಚ್ಚಿಬಿಡ್ರಿ. ಯಾರಿಗೂ ಯಾರೂ ಬೇಕಾಗಂಗಿಲ್ಲ."

ಇದನ್ನು ಅವರು ಸೌಕರ್ಯದ ಮಾತೆಂದು ಆಡಿದರು. ಅದರಲ್ಲಿ ತಪ್ಪೇನೂ ಅವರಿಗೆ ಕಾಣಲಿಲ್ಲ. ಮನುಷ್ಯನಿಗೆ ಮನುಷ್ಯ ಬೇಕಾಗದಿರುವುದನ್ನು ಸೌಕರ್ಯವೆಂದು ಕರೆಯುವುದನ್ನು ನಾವು ಯಾವ ಶಾಲೆಯಲ್ಲಿ ಕಲಿತೆವೋ ತಿಳಿಯದು. ಹಾಜಿಮಲಂಗ್ ವಾದಿಸಲಿಲ್ಲ. ಇಪ್ಪತ್ತಕ್ಕೂ ಹುಕ್ಕು ಹಚ್ಚಿಕೊಡಲು ಒಪ್ಪಿಕೊಂಡನು. ಕತ್ತಿ-ಗುರಾಣಿಯ ಆಟವೊಂದನ್ನೂ ಆಡಿತೋರಿಸಬೇಕೆಂದು ಅವರು ಕೇಳಿದಾಗ ಮಾತ್ರ, ರಾವೂರಿನ ರೇವಣಪ್ಪ ಬರುವುದಾದರೆ ಆಡುವೆನೆಂದನು.

"ಆಡ್ರಿ, ಆದ್ರ ಈ ಸಲ ರಕ್ತ ಬರಬಾರದು ನೋಡ್ರಿ ಮತ್ತ," ಎಂದು ನಕ್ಕು ವಕೀಲರು ಜೀಪು ಹತ್ತಿದರು.

ಆ ನಗೆಯ ಹಿಂದೆ ನಾಲ್ಕು ವರ್ಷಗಳ ಕಥೆಯಿತ್ತು.

ಹಾಜಿಮಲಂಗ್ ಮತ್ತು ರೇವಣಪ್ಪ ಇಪ್ಪತ್ತೆರಡು ವರ್ಷ ಜೋಡಿಯಾಗಿ ಆಡಿದವರು. ಶಹಾಬಾದ, ಸೇಡಂ, ವಾಡಿಯ ಜನರಿಗೆ ಒಬ್ಬನ ಹೆಸರು ಹೇಳಿದರೆ ಇನ್ನೊಬ್ಬನ ಹೆಸರು ತಾನಾಗಿಯೇ ನಾಲಗೆಗೆ ಬರುತ್ತಿತ್ತು. ನಾಲ್ಕು ವರ್ಷದ ಹಿಂದೆ, ಚಿಂಚೋಳಿಯ ಪಕ್ಕದ ಚಂದಾಪುರದ ಮೈದಾನದಲ್ಲಿ, ಬೇಸಿಗೆಯ ಮಧ್ಯಾಹ್ನ ಅವರ ಆಟ ನಡೆದಿತ್ತು. ಹಾಜಿಮಲಂಗ್ ಎಂದಿನಂತೆ ರೇವಣಪ್ಪನ ಏಳು ಗಂಟುಗಳನ್ನೂ ಕಟ್ಟಿದ್ದನು. ಆಟದ ಕೊನೆಯಲ್ಲಿ ರೇವಣಪ್ಪ ಬೆನ್ನು ತಿರುಗಿಸಿ ಬಾಗಬೇಕು, ಅವನ ಬಲಹೆಗಲ ತಗಡಿನ ಮೇಲೆ ಕತ್ತಿ ಟಣ್ಣೆಂದು ಬೀಳಬೇಕು. ಅದು ನೂರಾರು ಸಲ ಆಡಿದ ವರಸೆ. ಅಂದು ಕತ್ತಿ ಬೀಳುವ ಹೊತ್ತಿಗೆ ಬೆನ್ನಿನ ಬಲಹೋಳು ಹೆಗಲಿನಿಂದ ಜಾರಿತ್ತು. ಕತ್ತಿ ಮೊಂಡಾಗಿತ್ತು, ನಿಜ. ಆದರೂ ಅದು ಕಬ್ಬಿಣ. ಹೆಗಲ ಎಲುಬು ಮುರಿಯಿತು. ರೇವಣಪ್ಪನ ಬಲಗೈ ಮತ್ತೆಂದೂ ಎದೆಯ ಮಟ್ಟಕ್ಕಿಂತ ಮೇಲೇಳಲಿಲ್ಲ.

ಊರು ವಿಚಾರಣೆ ಮಾಡಲಿಲ್ಲ. ವಿಚಾರಣೆಗೆ ಶ್ರಮ ಬೇಕು. ತೀರ್ಪಿಗೆ ಒಂದು ಕಪ್ ಚಹಾ ಸಾಕು. ಕಟ್ಟಿದವನೂ ಅವನೇ, ಹೊಡೆದವನೂ ಅವನೇ ಎಂದರು. ಕೆಲವರು ಇನ್ನೂ ಮುಂದೆ ಹೋಗಿ, ಹೊಡೆದವನ ಜಾತಿಯನ್ನೂ ಹೊಡೆಸಿಕೊಂಡವನ ಜಾತಿಯನ್ನೂ ಪಕ್ಕಪಕ್ಕದಲ್ಲಿಟ್ಟು ಅರ್ಥ ಹುಡುಕಿದರು. ಹಾಜಿಮಲಂಗನ ತಾಲೀಮಿಗೆ ಕಲಿಯಲು ಬರುತ್ತಿದ್ದವರು ಒಬ್ಬೊಬ್ಬರಾಗಿ ಬರುವುದನ್ನು ನಿಲ್ಲಿಸಿದರು. ಆಟಕ್ಕೆ ಕರೆಯುವವರು ಕರೆಯದಾದರು. ಅದೇ ವರ್ಷ ಹಾಜಿಮಲಂಗನ ಹೆಂಡತಿ ಜೈಬುನ್ನೀಸಾ ತೀರಿಕೊಂಡಳು. ಮಣ್ಣಿಗೆ ಬಂದವರು ಬಂದಷ್ಟೇ ಬೇಗ ಹೋದರು.

ಇಷ್ಟೆಲ್ಲ ನಡೆಯುವಾಗ ರೇವಣಪ್ಪ ಅವನ ವಿರುದ್ಧ ಒಂದು ಮಾತನ್ನೂ ಆಡಲಿಲ್ಲ. ಅವನ ಪರವಾಗಿಯೂ ಒಂದು ಮಾತನ್ನಾಡಲಿಲ್ಲ. ಜನರು ಇದನ್ನು ರೇವಣಪ್ಪನ ದೊಡ್ಡಗುಣವೆಂದು ಹೊಗಳಿದರು.

ಆದರೆ ಹಾಜಿಮಲಂಗನಿಗೆ ಒಂದು ವಿಷಯ ತಿಳಿದಿತ್ತು. ಚಂದಾಪುರದಿಂದ ಮರಳಿದ ಮರುದಿನ ಅವನು ರೇವಣಪ್ಪನ ಬಖ್ತರವನ್ನು ತೊಡೆಯ ಮೇಲಿಟ್ಟುಕೊಂಡು ಪರೀಕ್ಷಿಸಿದ್ದನು. ಕೆಳಗಿನ ಆರು ಗಂಟುಗಳು ಇದ್ದಂತೆಯೇ ಇದ್ದವು; ರೇವಣಪ್ಪನನ್ನು ಬಿಡಿಸಲು ದವಾಖಾನೆಯವರು ಅವುಗಳ ಬಾರನ್ನೇ ಕತ್ತರಿಸಿದ್ದರು. ಏಳನೆಯ ಬಾರು ಕತ್ತರಿಸಿರಲಿಲ್ಲ, ಹರಿದಿರಲಿಲ್ಲ, ಹಿಗ್ಗಿಯೂ ಇರಲಿಲ್ಲ. ಅದನ್ನು ಯಾರೋ ಬಿಚ್ಚಿದ್ದರು. ಏಳನೆಯ ಗಂಟು ಕತ್ತಿನ ಬುಡದಲ್ಲಿರುತ್ತದೆ; ತೊಟ್ಟವನು ಹೆಗಲ ಮೇಲಿಂದ ಕೈ ಹಾಕಿ ಬಿಚ್ಚಿಕೊಳ್ಳಬಹುದಾದುದು ಅದೊಂದೇ. ಬಿಚ್ಚಬಹುದು, ಮತ್ತೆ ಬಿಗಿಯಲು ಬರುವುದಿಲ್ಲ.

ಅವನು ಇದನ್ನು ಯಾರಿಗೂ ಹೇಳಲಿಲ್ಲ. ಕೈ ಕಳೆದುಕೊಂಡವನ ಮೇಲೆಯೇ ತಪ್ಪು ಹೊರಿಸಿದಂತಾಗುವುದೆಂದು ಮೊದಲು ಹಿಂಜರಿದನು. ಅನಂತರ, ಈ ಮಾತು ಯಾರ ಬಾಯಿಂದ ಬರಬೇಕೋ ಅವರ ಬಾಯಿಂದಲೇ ಬರಲಿ ಎಂದು ಕಾದನು. ನಾಲ್ಕು ವರ್ಷ ಕಾದನು. ಅವನ ಅಂಗಡಿಯ ಗೋಡೆಯ ಮೇಲೆ ಎರಡು ಬಖ್ತರಗಳು ಅಕ್ಕಪಕ್ಕದಲ್ಲಿ ತೂಗುತ್ತಿದ್ದವು. ಕೆಲವು ಸಂಜೆ ಅವನು ತನ್ನದನ್ನು ಇಳಿಸಿ ಎದೆಗೆ ಹಿಡಿದುಕೊಂಡು ನಿಲ್ಲುತ್ತಿದ್ದನು. ಬೆನ್ನ ಹಿಂದೆ ಹೋಳುಗಳು ತೆರೆದ ಬಾಗಿಲಿನಂತೆ ಅಲುಗಾಡುತ್ತಿದ್ದವು. ಆಮೇಲೆ ಮತ್ತೆ ತೂಗುಹಾಕುತ್ತಿದ್ದನು.

ವಕೀಲರು ಹೋದ ಮರುದಿನವೇ ಅವನು ರಾವೂರಿಗೆ ಹೊರಟನು. ರೇವಣಪ್ಪ ಈಗ ಕಲ್ಲಿನ ಗಣಿಯೊಂದರಲ್ಲಿ ಕಾವಲುಗಾರನಾಗಿ, ಗಣಿಯ ಅಂಚಿನಲ್ಲಿಯೇ ಮನೆ ಮಾಡಿಕೊಂಡಿದ್ದನು. ಬಿಳಿಗಲ್ಲಿನ ಪುಡಿ ಅವನ ಹುಬ್ಬಿನ ಮೇಲೆ, ಕೊರಳ ಲಿಂಗದ ದಾರದ ಮೇಲೆ ಕೂತಿತ್ತು. ಇಬ್ಬರೂ ಪರಸ್ಪರ ಬೆಳೆ, ಮಳೆ, ಮೊಮ್ಮಕ್ಕಳ ವಿಚಾರ ಕೇಳಿಕೊಂಡರು. ರೇವಣಪ್ಪನ ಹೆಂಡತಿ ಶರಣಬಸಮ್ಮ ಇಬ್ಬರಿಗೂ ಮಜ್ಜಿಗೆ ತಂದಿಟ್ಟು, ಗಂಡನ ಮುಖವನ್ನೊಮ್ಮೆ ನೋಡಿ ಒಳಗೆ ಹೋದಳು. ಹಾಜಿಮಲಂಗ್ ಬಂದ ಕಾರಣವನ್ನು ಹೇಳಿದಾಗ ರೇವಣಪ್ಪ ಬಲಗೈಯನ್ನು ಎಡಗೈಯಿಂದ ಎತ್ತಿ ತೊಡೆಯ ಮೇಲಿಟ್ಟುಕೊಂಡನು.

"ಈ ಕೈ ಹಿಡ್ಕೊಂಡು ಏನ್ ಆಡ್ಲಿ, ಮಲಂಗಣ್ಣಾ?"

"ಎಡಗೈಲೆ ಆಡು. ನಾನೂ ಎಡಗೈಲೇ ಹಿಡೀತೀನಿ."

ರೇವಣಪ್ಪ ಎಡಗೈಯಿಂದ ಮಜ್ಜಿಗೆಯ ಲೋಟವನ್ನೆತ್ತಿ ಬರಿದು ಮಾಡಿದನು. ಕೊನೆಗೆ ಬರುವೆನೆಂದನು. ಮರಳುವ ದಾರಿಯಲ್ಲಿ ಹಾಜಿಮಲಂಗನಿಗೆ, ಸಾವಿರ ಜನರ ಮುಂದೆ ರೇವಣಪ್ಪ ತನ್ನ ಬೆನ್ನಿನ ಗಂಟು ಕಟ್ಟಿದರೆ, ಅವನ ಬೆನ್ನನ್ನೂ ಮತ್ತೆ ತನ್ನ ಕೈಗೆ ಒಪ್ಪಿಸಿದರೆ, ಊರಿನ ತೀರ್ಪು ಅಷ್ಟರಿಂದಲೇ ತಿರುಗಬಹುದೆಂದು ಅನ್ನಿಸಿತು. ಬಾಯಿ ತೆರೆದು ಹೇಳಿದರಂತೂ ಸರಿಯೇ. ಅದೊಂದೇ ಅವನಿಗೆ ಬೇಕಾಗಿದ್ದುದು.

ಅವನು ಬಾರುಗಳಿಗೆ ಎಣ್ಣೆ ಹಚ್ಚಿದನು. ಒಳಗಿನ ಹತ್ತಿಯ ಅಂಗಿಗಳನ್ನು ಹೊಲಿದನು. ರೇವಣಪ್ಪನ ಹಳೆಯ ಬಖ್ತರವನ್ನು ಮುಟ್ಟದೆ, ಏಳು ಗಂಟಿನ ಮಾದರಿಯ ಬಖ್ತರವನ್ನು ಅವನಿಗೆಂದು ತೆಗೆದಿಟ್ಟನು. ಇಪ್ಪತ್ತು ಬಖ್ತರಗಳಿಗೆ ನಲವತ್ತು ಹುಕ್ಕುಗಳನ್ನು ಹಚ್ಚಿದನು.

ನವೆಂಬರಿನ ಆ ಬೆಳಿಗ್ಗೆ ಮಳಖೇಡದ ಕೋಟೆಯ ಬಯಲು ಜಾತ್ರೆಯನ್ನೂ ಮೀರಿಸಿತ್ತು. ಕಾಗಿಣಾ ನದಿಯ ಕಡೆಗೆ ಮುಖ ಮಾಡಿ ಸಾಲಾಗಿ ಡೇರೆಗಳು. ಡೇರೆಗಳೊಳಗೆ ಗಾದಿ, ಲೋಡು, ಒಂದರಲ್ಲಿ ಇಸ್ಪೀಟು. ಸೈನಿಕರು ಹುಕ್ಕು ಸಿಕ್ಕಿಸಿಕೊಂಡು, ಶಿರಸ್ತ್ರಾಣವನ್ನು ಕಂಕುಳಲ್ಲಿಟ್ಟುಕೊಂಡು ಫೋಟೋ ತೆಗೆಸಿಕೊಳ್ಳುತ್ತಿದ್ದರು. ಯುದ್ಧವೆಂದರೆ ಉಡುಪು ಎಂದು ತಿಳಿದವರ ಸೈನ್ಯವದು. ಸಾವಿರ ವರ್ಷಗಳ ಹಿಂದೆ ಆ ಬಯಲಿನಲ್ಲಿ ಯಾರು ಯಾರ ಬೆನ್ನು ಕಾದರು ಎಂಬುದನ್ನು ಅಲ್ಲಿ ಒಬ್ಬನೂ ಕೇಳಲಿಲ್ಲ.

ಧ್ವನಿವರ್ಧಕದಲ್ಲಿ ಕಲ್ಯಾಣಪ್ಪನವರು ಭಾಷಣ ಮಾಡುತ್ತಿದ್ದಾಗ, ಕೊನೆಯ ಡೇರೆಯ ಹಿಂದೆ ರೇವಣಪ್ಪ ಹಾಜಿಮಲಂಗನ ಬಖ್ತರ ಕಟ್ಟತೊಡಗಿದನು. ರೇವಣಪ್ಪನ ಬಲಗೈ ಮೇಲಕ್ಕೇಳದ ಕಾರಣ ಹಾಜಿಮಲಂಗ್ ನೆಲದ ಮೇಲೆ ಕುಳಿತನು. ರೇವಣಪ್ಪ ಮೊಣಕಾಲೂರಿ ಹಿಂದೆ ಕುಳಿತನು. ಎಡಗೈಯಿಂದ ಎಳೆದು, ಬಾರಿನ ತುದಿಯನ್ನು ಹಲ್ಲಿನಿಂದ ಕಚ್ಚಿ ಒಂದೊಂದನ್ನೇ ಬಿಗಿದನು. ನಾಲ್ಕು ವರ್ಷಗಳ ಅನಂತರ ಇನ್ನೊಬ್ಬರ ಉಸಿರು ಹಾಜಿಮಲಂಗನ ಬೆನ್ನಿಗೆ ತಾಕಿತು. ಏಳನೆಯದಕ್ಕೆ ಬಂದಾಗ ಬೆರಳುಗಳು ನಿಂತವು.

"ಅವತ್ತ ಇದನ್ನ ನಾನೇ ಬಿಚ್ಚಿದ್ದೆ," ಎಂದು ಹಿಂದಿನಿಂದ ರೇವಣಪ್ಪನ ದನಿ ಬಂತು. "ಭಾಳ ಸೆಕಿ ಇತ್ತು. ಉಸಿರ ಕಟ್ಟಿದಂಗ ಆತು. ನೀ ನೀರ ಕುಡೀಲಿಕ್ಕೆ ಹೋಗಿದ್ದಿ. ತಿರುಗಿ ಬಂದ ಮ್ಯಾಲ ಕಟ್ಟು ಅಂತ ಹೇಳಾಕ ನಾಚಿಕಿ ಆತು."

ಹಾಜಿಮಲಂಗ್ ತಿರುಗಲಿಲ್ಲ. "ನಂಗ ಗೊತ್ತದ, ರೇವಣ್ಯಾ," ಎಂದನು.

ಏಳನೆಯ ಗಂಟು ಬಿಗಿಯಾಯಿತು. ಆಗ ಹಾಜಿಮಲಂಗ್, ಆಟ ಶುರುವಾಗುವ ಮೊದಲು ಆ ಧ್ವನಿವರ್ಧಕದ ಮುಂದೆ ಈ ಎರಡು ಮಾತು ಹೇಳೆಂದು ಕೇಳಿದನು. ಬೇರೇನನ್ನೂ ಕೇಳಲಿಲ್ಲ. ರೇವಣಪ್ಪ ತಲೆ ತಗ್ಗಿಸಿದನು. ಇಷ್ಟು ವರ್ಷ ಎಲ್ಲರೂ ತನ್ನನ್ನು ಸಹನೆಯುಳ್ಳವನೆಂದು ಕರೆದಿರುವಾಗ, ಈಗ ಮಂದಿಯ ಮುಂದೆ ಯಾವ ಮುಖ ತೋರಿಸಲೆಂದು ಗೊಣಗಿದನು.

"ನನ್ನ ಬೆನ್ನಿಗೆ ಹೇಳಿದಿ," ಎಂದನು ಹಾಜಿಮಲಂಗ್. "ಬೆನ್ನಿಗೆ ಕಿವಿ ಇಲ್ಲೋ ತಮ್ಮಾ."

ಅವನು ಎದ್ದನು. ಧ್ವನಿವರ್ಧಕದಲ್ಲಿ ತನ್ನ ಹೆಸರು ಕೂಗುತ್ತಿದ್ದಂತೆಯೇ ಕೋಟೆಯ ಬಾಗಿಲು ದಾಟಿ ಸ್ಟೇಷನ್ನಿನ ದಾರಿ ಹಿಡಿದನು. ಹಿಂದೆ ಯಾರೋ ನಕ್ಕರು. ಯಾರೋ, ಮುದುಕ ಹೆದರಿದನೆಂದರು.

ಅವನು ಆ ವೇಷದಲ್ಲಿಯೇ ರೈಲು ಹತ್ತಿದನು. ಯಾವ ನಾಟಕ ಕಂಪನಿಯವರೆಂದು ಪ್ರಯಾಣಿಕನೊಬ್ಬ ವಿಚಾರಿಸಿದನು. ಚಿತ್ತಾಪುರದ ಅಂಗಡಿಗೆ ಬಂದು, ಬಾಗಿಲು ತೆರೆದು, ತನ್ನ ಸ್ಟೂಲಿನ ಮೇಲೆ ಕುಳಿತಾಗಲೇ ಅವನಿಗೆ ತನ್ನ ಸ್ಥಿತಿ ಅರ್ಥವಾಯಿತು. ಹೆಗಲ ಮೇಲಿಂದ ಕೈ ಹಾಕಿ ನೋಡಿದನು. ಏಳನೆಯ ಗಂಟು ಬೆರಳಿಗೆ ಸಿಕ್ಕಿತು, ಎಷ್ಟು ಸುಲಭವಾಗಿ ಸಿಕ್ಕಿತು. ಉಳಿದ ಆರು ಸಿಗುವಂತಿರಲಿಲ್ಲ. ಅವನು ಕೈ ಹಿಂತೆಗೆದನು.

ಎದುರು ಮನೆಯ ಬಳೆಗಾರ್ತಿ ಅಮೀರ್ಬೀ ಹೊಸ್ತಿಲಿಗೆ ಬಂದು, "ಮಾಮೂ, ನಾ ಬಿಚ್ಲೇನ್ರಿ?" ಎಂದು ಕೇಳಿದಳು. ಬೇಡ ತಾಯಿ, ಇದನ್ನು ಬಿಚ್ಚುವವನು ಬೇರೆ ಎಂದು ಅವನು ಹೇಳಿದನು. ಅವಳು ರೊಟ್ಟಿ, ಪುಂಡಿಪಲ್ಯೆ ಇಟ್ಟುಹೋದಳು. ತಗಡಿನೊಳಗೆ ಬಾಗಿ ಉಣ್ಣಲಾಗಲಿಲ್ಲ. ಬಿಸಿಲು ಅಂಗಡಿಯ ಒಳಗೆ ಬಂದು, ಗೋಡೆಯ ಮೇಲಿದ್ದ ಇನ್ನೊಂದು ಬಖ್ತರವನ್ನು ಮುಟ್ಟಿ, ಹೊರಗೆ ಹೋಯಿತು. ಗಿರಾಕಿಗಳಿಬ್ಬರು ಬಂದು, ನೋಡಿ, ಮರಳಿದರು.

ಮಳಖೇಡದಿಂದ ವಾಡಿಗೆ ಹೋಗುವ ಸಂಜೆಯ ಪ್ಯಾಸೆಂಜರ್ ಚಿತ್ತಾಪುರದಲ್ಲಿ ನಿಲ್ಲುತ್ತದೆ. ವಾಡಿಯ ಪಕ್ಕದ ರಾವೂರಿಗೆ ಹೋಗುವವನು ಅಲ್ಲಿ ಇಳಿಯಬೇಕಾಗಿಲ್ಲ. ರೇವಣಪ್ಪ ಇಳಿದನು. ಬಜಾರಿನ ನಡುವೆ ನಡೆದು ಬಂದು, ಅಂಗಡಿಯ ಒಳಗೆ ಕಾಲಿಡದೆ, ಹಾಜಿಮಲಂಗನನ್ನು ಹೊರಗೆ ಕರೆದನು. ಚಹಾದ ಅಂಗಡಿಯ ಮುಂದೆ ಏಳೆಂಟು ಜನರಿದ್ದರು. ಅವರಲ್ಲಿ ಚಂದಾಪುರದ ಆಟವನ್ನು ಕಣ್ಣಾರೆ ಕಂಡವರೂ ಇದ್ದರು. ರೇವಣಪ್ಪ ಅವರ ಕಡೆ ತಿರುಗಿದನು.

"ಎಲ್ಲಾರೂ ಕೇಳ್ರಿ. ಚಂದಾಪುರದಾಗ ಗಂಟ ಬಿಚ್ಚಿದಾಂವ ನಾನು. ಇವ ಬರೋಬರಿ ಕಟ್ಟಿದ್ದ. ನಾಕು ವರ್ಷ ನಾ ಸುಮ್ಮ ಕುಂತೆ. ತಪ್ಪು ನಂದು."

ಜನರು ಒಬ್ಬರ ಮುಖವನ್ನೊಬ್ಬರು ನೋಡಿಕೊಂಡರು. ಒಬ್ಬ, ಯಾವ ಚಂದಾಪುರವೆಂದು ಪಕ್ಕದವನನ್ನು ಕೇಳಿದನು. ಇನ್ನೊಬ್ಬ, "ಆಗಿದ್ದ ಆಗ್ಯದ, ಬಿಡ್ರಿ ಅದನ್ನ," ಎಂದು ಬಸಿಯಲ್ಲಿದ್ದ ಚಹಾ ಹೀರಿದನು. ಚಹಾದವನು ಒಲೆಗೆ ಗಾಳಿ ಹಾಕಿದನು. ಒಬ್ಬ ಮನುಷ್ಯನನ್ನು ನಾಲ್ಕು ವರ್ಷ ಒಂಟಿಯಾಗಿ ಕೂರಿಸಿದ ತೀರ್ಪು, ಕೊಟ್ಟವರ ನೆನಪಿನಲ್ಲಿಯೇ ಇರಲಿಲ್ಲ. ಅಷ್ಟು ಹಗುರವಾಗಿತ್ತು ಅವರಿಗೆ ಅದು.

ರೇವಣಪ್ಪ ಏನು ಮಾಡಬೇಕೆಂದು ತಿಳಿಯದೆ ನಿಂತನು. ಹಾಜಿಮಲಂಗ್ ಅಂಗಡಿಯ ಮೆಟ್ಟಿಲ ಮೇಲೆ ಅವನಿಗೆ ಬೆನ್ನು ಮಾಡಿ ಕುಳಿತನು. ಆಗ ರೇವಣಪ್ಪ ಮೊಣಕಾಲೂರಿ, ಮೇಲಿನಿಂದ ಆರಂಭಿಸಿ, ಏಳೂ ಗಂಟುಗಳನ್ನು ಎಡಗೈಯಿಂದ ಬಿಚ್ಚಿದನು. ಹತ್ತಿಯ ಅಂಗಿ ಬೆವರಿನಿಂದ ಬೆನ್ನಿಗೆ ಅಂಟಿತ್ತು. ವಾಡಿಯ ಕಡೆಗೆ ಇನ್ನು ಒಂದೇ ಗಾಡಿಯಿತ್ತು; ಅದರ ಹೊತ್ತಾಗಿತ್ತು. ಮತ್ತೆ ಯಾವಾಗ ಬರುವೆ ಎಂದು ಇವನು ಕೇಳಲಿಲ್ಲ. ಬರುವೆನೆಂದು ಅವನೂ ಹೇಳಲಿಲ್ಲ. ಬಜಾರಿನ ತಿರುವಿನವರೆಗೆ ಅವನ ಬಿಳಿಯ ರುಮಾಲು ಕಾಣುತ್ತಿತ್ತು.

ಹಾಜಿಮಲಂಗ್ ತನ್ನ ಬಖ್ತರವನ್ನು ಗೋಡೆಗೆ ತೂಗುಹಾಕಿದನು. ಪಕ್ಕದಲ್ಲಿದ್ದ ರೇವಣಪ್ಪನದನ್ನು ಇಳಿಸಿ, ಹೆಗಲ ಭಾಗದಲ್ಲಿ ಹಳೆಯ ಆಟಗಳ ಪೆಟ್ಟಿನಿಂದಾದ ತಗ್ಗನ್ನು ಹೆಬ್ಬೆರಳಿನಿಂದ ಸವರಿದನು. ದವಾಖಾನೆಯವರು ಕತ್ತರಿಸಿದ ಆರು ಬಾರುಗಳ ತುಂಡುಗಳು ಇನ್ನೂ ರಂಧ್ರಗಳಲ್ಲಿಯೇ ಇದ್ದವು. ಅವನು ಅವುಗಳನ್ನು ಒಂದೊಂದಾಗಿ ಕಿತ್ತು, ಹೊಸ ಬಾರು ಪೋಣಿಸತೊಡಗಿದನು.