ಗೋಕಟ್ಟೆಯ ಬುಲ್ಡೋಜರ್

ಹರಿಯಬ್ಬೆ ಊರಿನ ಆಚೆ, ದನಕುರಿಗಳ ನೀರಿಗೆಂದು ಶುರುವಾಗಿ ಅರ್ಧಕ್ಕೆ ನಿಂತ ಗೋಕಟ್ಟೆಯ ಏರಿಯ ಪಕ್ಕದಲ್ಲಿ ಆ ಬುಲ್ಡೋಜರ್ ಮೂವತ್ತೆಂಟು ವರ್ಷದಿಂದ ಕುಳಿತಿತ್ತು. ಏರಿ ಕಟ್ಟಲು ಅದನ್ನು ತಂದ ಗುತ್ತಿಗೆದಾರ ಕೆಲಸ ಮುಗಿಯುವ ಮೊದಲೇ ತೀರಿಹೋದ. ಹುಡುಕಿಕೊಂಡು ಯಾರೂ ಬರಲಿಲ್ಲ. ಏರಿಯ ನಡುವೆ ಇಪ್ಪತ್ತು ಮಾರು ಅಗಲದ ಬಾಯಿ ಹಾಗೇ ಉಳಿಯಿತು. ಸುರಿದ ಮಳೆಯೆಲ್ಲ ಅದರಿಂದ ಹರಿದು ಹಳ್ಳ ಸೇರುತ್ತಿತ್ತು. ಬೇಸಗೆಯಲ್ಲಿ ಹಟ್ಟಿಯ ಕುರಿಗಳು ನೀರಿಗಾಗಿ ಎರಡು ಹರದಾರಿ ನಡೆಯುತ್ತಿದ್ದವು.

ಅಂದು ಆ ಯಂತ್ರದ ಮೇಲೆ ಹೆಲ್ಪರ್ ಆಗಿದ್ದ ಪಾಪಣ್ಣನಿಗೆ ಇಂದು ಅರವತ್ತು. ಕುರಿಗಳ ಹಿಂದೆ ಆ ಬಾಯಿಯನ್ನು ದಾಟುವಾಗಲೆಲ್ಲ ಅವನು ತಲೆ ತಗ್ಗಿಸುತ್ತಿದ್ದ, ಅದನ್ನು ಮುಚ್ಚದೆ ಬಿಟ್ಟು ಹೋದವನು ತಾನೇ ಎಂಬಂತೆ.

ಗುರುವಾರ ಪಂಚಾಯ್ತಿಯ ಅಧಿಕಾರಿ ರವೀಂದ್ರ ಬಂದು, ಸೋಮವಾರ ಬೆಳಗ್ಗೆ ಅದು ಗುಜರಿಗೆ ಹೋಗುತ್ತದೆ ಎಂದರು.

"ಅದು ಓಡಿದ್ರೆ ಸಾರ್?" ಪಾಪಣ್ಣ ಕೇಳಿದ.

"ಓಡೋ ಗಾಡಿನ ಗುಜರಿ ಅಂತ ನಾನ್ ಹೆಂಗ್ ಬರೀಲಿ? ಏರಿನೂ ನೀವೇ ಮುಗಿಸ್ಕಳ್ರಿ. ಆದ್ರೆ ಲಾರಿ ಬರೋದ್ರೊಳಗೆ ಅದು ತಾನಾಗೇ ಕದಲ್ಬೇಕು."

ಪಾಪಣ್ಣ ಮಧ್ಯಾಹ್ನದ ಬಸ್ಸಿಗೆ ಹಿರಿಯೂರಿಗೆ ಹೋದ. ಅಲ್ಲಿ ಅಪ್ಪನ ನಂತರ ಟ್ರ್ಯಾಕ್ಟರ್ ಗ್ಯಾರೇಜು ನಡೆಸುತ್ತಿದ್ದ ನಾಗಶ್ರೀ, ಶುಕ್ರವಾರ ಬೆಳಗ್ಗೆ ಬೈಕಿನಲ್ಲಿ ಸಾಮಾನು ಕಟ್ಟಿಕೊಂಡು ಬಂದಳು. ಯಂತ್ರದ ಸುತ್ತ ಎರಡು ಸಲ ನಡೆದಳು.

"ಯಾವ ಕಂಪನಿದು ಮಾವ ಇದು?"

"ರಷ್ಯಾದ್ದು."

"ಯಾರ್ ಹೇಳಿದ್ದು?"

"ಡ್ರೈವರ್ ಓಬಳೇಶಪ್ಪ. ಬೈಯೋವಾಗೆಲ್ಲ ರಷ್ಯಾದ ಮುಂಡೇದು ಅಂತಿದ್ದ."

"ಬೈಗುಳ ಹೇಳಿದ್ರೆ ಅಂಗಡಿಯೋನು ಗ್ಯಾಸ್ಕೆಟ್ ಕೊಡಲ್ಲ. ಮುಂದ್ಗಡೆ ಒಂದು ತಗಡು ಇರ್ತೈತೆ, ನಂಬರ್ ಇರೋದು. ಅದು ಬೇಕು."

ಮುಂಭಾಗದಲ್ಲಿ ತಗಡು ಕಾಣುತ್ತಿರಲಿಲ್ಲ. ಪ್ರತಿ ಆಯುಧಪೂಜೆಗೆ ಒಂದು ಕೋಟು ಸುಣ್ಣ, ಅದರ ಮೇಲೆ ಕೆಮ್ಮಣ್ಣಿನ ಪಟ್ಟೆ, ವಿಭೂತಿ, ಕುಂಕುಮ. ಎಲ್ಲ ಸೇರಿ ಗೋಡೆಯಷ್ಟು ದಪ್ಪವಾಗಿತ್ತು. ಅದನ್ನು ದೇವರೆಂದೇ ಬಗೆದು ಬಳಿಯುತ್ತ ಬಂದವಳು ಪಾಪಣ್ಣನ ಅಕ್ಕ ಬರಗೇರಮ್ಮ. ನಾಗಶ್ರೀ ಉಳಿ ಎತ್ತಿದ್ದೇ ತಡ, ಅವಳು ಬಂದು ಎದುರಿಗೆ ಕುಳಿತಳು.

"ಮುಖ ಕೆರೆಯಾಕೆ ನಾನು ಬಿಡಾದಿಲ್ಲ ಕಣವ್ವ. ಹೂವು ಕೇಳಾಣ. ಬಲಕ್ಕೆ ಬಿದ್ರೆ ಕೆರಿ, ಎಡಕ್ಕೆ ಬಿದ್ರೆ ಮನೆಗೆ ಹೋಗು."

ಬರಗೇರಮ್ಮ ಒಂದು ಕಣಗಿಲೆ ಹೂವನ್ನು ಯಂತ್ರದ ಹಣೆಗೆ ಏರಿಸಿದಳು. ಹಟ್ಟಿಯ ನಾಲ್ವರು ಕೈಮುಗಿದು ಪದ ಹೇಳಿದರು. ಒಂದು ಪದ ಮುಗಿಯಿತು, ಎರಡನೆಯದೂ ಮುಗಿಯಿತು. ಬಿಸಿಲು ನೆತ್ತಿಯ ಹತ್ತಿರ ಬಂದಿತು. ಹೂವು ಬಲಕ್ಕೂ ಬೀಳಲಿಲ್ಲ, ಎಡಕ್ಕೂ ಬೀಳಲಿಲ್ಲ.

"ಇನ್ನೂ ಎಷ್ಟೊತ್ತು ಅಜ್ಜಿ?"

"ದೇವ್ರಿಗೆ ನಿನ್ನ ಗ್ಯಾರೇಜಿನಂಗೆ ಟೈಮ್ ಐತೇನವ್ವ?"

ನಾಗಶ್ರೀ ಹತ್ತಿರ ಹೋಗಿ ಬಗ್ಗಿ ನೋಡಿದಳು. ಹೂವು ಜಿಡ್ಡಿಗೆ ಅಂಟಿಕೊಂಡಿತ್ತು. ಜಿಡ್ಡನ್ನು ಬೆರಳಿಗೆ ತೆಗೆದು ಮೂಸಿದಳು.

"ಹರಳೆಣ್ಣೆ ಇದು. ಎಲ್ಲಿಂದ ಬಂತು?"

"ಅಮಾಸೆ ಅಮಾಸೆಗೆ ನೆತ್ತಿಗೆ ಒಂದು ಸೊಲಿಗೆ ಹುಯ್ತೀನಿ. ಕಬ್ಬಿಣದ ಮೈ ಒಣಗಬಾರ್ದು."

"ನೆತ್ತಿ ಅಂದ್ರೆ ಎಲ್ಲಿ?"

ಬರಗೇರಮ್ಮ ಹೊಗೆಕೊಳವೆಯನ್ನು ತೋರಿಸಿದಳು. ಅದರ ಬಾಯಿಗೆ ಒಂದು ಮಣ್ಣಿನ ಕುಡಿಕೆ ಬೋರಲು ಹಾಕಿತ್ತು. "ಹುಯ್ದು ಮುಚ್ತೀನಿ. ಮಳೆನೀರು ಹೋಗಬಾರ್ದಲ್ಲ."

ಪಾಪಣ್ಣ ತಲೆಗೆ ಕೈ ಹಚ್ಚಿದ. "ಇಂಜಿನ್ನಿಗೇ ಹರಳೆಣ್ಣೆ ಕುಡಿಸ್ಬಿಟ್ಟೆಯಲ್ಲಕ್ಕ. ಮುಗೀತು."

"ಸುಮ್ನಿರ್ರಿ ಮಾವ," ಎಂದಳು ನಾಗಶ್ರೀ. "ನೀರು ಹೋಗಿ ತುಕ್ಕು ಹಿಡಿದಿದ್ರೆ ನಾನು ಈಗ್ಲೇ ಗಾಡಿ ಹತ್ತುತಿದ್ದೆ. ಇದು ಎಣ್ಣೆ ಅಂಟು. ಅಂಟನ್ನ ಬಿಡಿಸಬೋದು. ಅಜ್ಜಿ ಇದನ್ನ ಉಪ್ಪಿನಕಾಯಿ ಹಾಕಿಟ್ಟಂಗೆ ಕಾಪಾಡ್ಯಾಳೆ."

ಬರಗೇರಮ್ಮ ಎದ್ದು ಹೂವನ್ನು ಎರಡೂ ಕೈಯಿಂದ ಬಿಡಿಸಿ ಕಣ್ಣಿಗೊತ್ತಿಕೊಂಡಳು. "ನಾನೇ ಎಣ್ಣೆ ಹುಯ್ದು ಅವನ ಬಾಯಿ ಕಟ್ಟೀನಿ. ಅವನು ಏನಂತ ಹೇಳ್ಯಾನು? ಆ ಉಳಿ ಇತ್ತ ಕೊಡು. ಬೇರೆಯೋರು ಮುಟ್ಟಬಾರ್ದು."

ಅವಳೇ ಕೆರೆದಳು. ಸುಣ್ಣ ವರ್ಷ ವರ್ಷದ ಪದರಾಗಿ ಉದುರಿತು. ಹಿತ್ತಾಳೆಯ ತಗಡು ಕಂಡಾಗ ನಾಗಶ್ರೀ ಸೀಮೆಎಣ್ಣೆಯ ಬಟ್ಟೆಯಿಂದ ಒರೆಸಿ ಓದಿದಳು. ನಂಬರ್ ಇತ್ತು, ನಾಲ್ಕು ಸಿಲಿಂಡರ್ ಎಂದಿತ್ತು, ಸಾವಿರದ ಒಂಬೈನೂರ ಎಪ್ಪತ್ತೊಂಬತ್ತು ಎಂದಿತ್ತು. "ರಷ್ಯಾ ಅಲ್ಲ ಮಾವ. ಕೋಲಾರದ ಕಡೇದು."

"ಹಂಗಾದ್ರೆ ನಮ್ಮೋನೇ," ಎಂದಳು ಬರಗೇರಮ್ಮ.

ಆ ನಂಬರನ್ನು ಫೋನಿನಲ್ಲಿ ಹೇಳಿದಾಗ ಚಿತ್ರದುರ್ಗದ ಹಳೆಯ ಅಂಗಡಿಯೊಂದರಲ್ಲಿ ಗ್ಯಾಸ್ಕೆಟ್ಟೂ ಫಿಲ್ಟರುಗಳೂ ಸಿಕ್ಕವು. ಶನಿವಾರ ಪಾಪಣ್ಣ ಅವನ್ನು ಮಡಿಲಲ್ಲಿಟ್ಟುಕೊಂಡು ಬಸ್ಸಿನಲ್ಲಿ ತಂದ. ಅಷ್ಟರಲ್ಲಿ ನಾಗಶ್ರೀ ಹೊಗೆಕೊಳವೆಯನ್ನು ಕಳಚಿ ತೊಳೆದು, ಇಂಜಿನ್ನಿನ ತಲೆಯ ನಾಲ್ಕು ತೂತುಗಳಿಗೂ ಡೀಸೆಲ್ ಮತ್ತು ಸೀಮೆಎಣ್ಣೆ ಬೆರೆಸಿ ಹುಯ್ದಿದ್ದಳು. ಹೊರಗಿನಿಂದ ಬಿಸಿನೀರಿನ ಗೋಣಿಚೀಲ ಸುತ್ತಿ, ಆರಿದಂತೆಲ್ಲ ಮತ್ತೆ ಸುತ್ತಿದರು. ಇಂಜಿನ್ನಿನ ದೊಡ್ಡ ಚಕ್ರಕ್ಕೆ ಹಾರೆ ಕೊಟ್ಟು ಮೀಟಿದರು. ಕದಲಲಿಲ್ಲ. ಮತ್ತೆ ಹುಯ್ದರು, ಮತ್ತೆ ಸುತ್ತಿದರು, ಮತ್ತೆ ಮೀಟಿದರು. ಪಾಪಣ್ಣನ ಅಂಗೈ ಬೊಬ್ಬೆ ಎದ್ದು ಒಡೆಯಿತು. ಅದಕ್ಕೆ ಅವನು ಬಟ್ಟೆ ಸುತ್ತಿಕೊಂಡ.

"ಬಿಡ್ರಿ ಮಾವ, ಹಟ್ಟಿ ಹುಡುಗ್ರು ಹಿಡೀತಾರೆ," ಎಂದಳು ನಾಗಶ್ರೀ.

"ಏರಿ ಬಾಯಿ ಮುಚ್ದೆ ಬಿಟ್ಟು ಹೋದೋನು ನಾನು. ನಾನೇ ಹಿಡೀತೀನಿ."

ಭಾನುವಾರ ಮಧ್ಯಾಹ್ನ ಹಾರೆ ಒಂದು ಬೆರಳಷ್ಟು ಇಳಿಯಿತು. ಪಾಪಣ್ಣ ಹಾರೆ ತೆಗೆದು ಚಕ್ರದ ಮುಂದಿನ ಹಲ್ಲಿಗೆ ಕೊಟ್ಟ. ಹೊತ್ತು ಮುಳುಗುವ ಮುನ್ನ ಚಕ್ರ ಒಂದು ಪೂರ್ತಿ ಸುತ್ತು ಬಂದಿತ್ತು.

ಸೋಮವಾರ ಬೆಳಗ್ಗೆ ನಾಗಶ್ರೀ ಎರಡು ಟ್ರ್ಯಾಕ್ಟರ್ ಬ್ಯಾಟರಿ ಜೋಡಿಸುವ ಹೊತ್ತಿಗೆ ಗುಜರಿಯ ಲಾರಿ ಬಂದು ನಿಂತಿತ್ತು, ಅದರ ಹಿಂದೆ ರವೀಂದ್ರರ ಸ್ಕೂಟರ್. ಮೊದಲ ಸಲ ಇಂಜಿನ್ ನರಳಿ ಸುಮ್ಮನಾಯಿತು. ಎರಡನೆಯ ಸಲವೂ ಹಾಗೇ. ಲಾರಿಯವನು ಹಗ್ಗ ಬಿಚ್ಚತೊಡಗಿದ. ನಾಗಶ್ರೀ ಡೀಸೆಲ್ ಪೈಪಿನ ಗಾಳಿ ತೆಗೆದು, ನಟ್ಟು ಬಿಗಿದು, ಮೇಲೆ ಕುಳಿತಿದ್ದ ಪಾಪಣ್ಣನಿಗೆ ಹೂಂ ಎಂದು ತಲೆಯಾಡಿಸಿದಳು. ಮೂರನೆಯ ಸಲಕ್ಕೆ ಒಂದು ಸಿಲಿಂಡರ್ ಹೊತ್ತಿತು, ಆಮೇಲೆ ಇನ್ನೊಂದು. ನಾಲ್ಕೂ ಸೇರಿದಾಗ ದಪ್ಪ ಬಿಳಿಹೊಗೆ ಎದ್ದು, ಸುತ್ತಲ ಹುಲ್ಲುಗಾವಲೆಲ್ಲ ಹರಳೆಣ್ಣೆ ಕಾಯಿಸಿದ ವಾಸನೆ ಹಬ್ಬಿತು.

ಪಾಪಣ್ಣ ಗೇರು ಹಾಕಿದ. ಚೈನುಗಳು ಕಿರುಗುಟ್ಟಿ, ನೆಲಕ್ಕೆ ಬೇರು ಬಿಟ್ಟಿದ್ದ ಹುಲ್ಲನ್ನು ಕಿತ್ತುಕೊಂಡು ಮುಂದೆ ಬಂದವು. ಬಲಕ್ಕೆ ಎಳೆದರೆ ಬಲಕ್ಕೆ ತಿರುಗಿತು. ಎಡಕ್ಕೆ ತಿರುಗಿಸುವ ಸನ್ನೆಕೋಲು ಮಾತ್ರ ಕಚ್ಚಿಕೊಂಡಿತ್ತು. ಎಷ್ಟು ಎಳೆದರೂ ಯಂತ್ರ ಎಡಕ್ಕೆ ಹೊರಳಲಿಲ್ಲ.

"ಕದಲಿತು, ಸರಿ," ಎಂದರು ರವೀಂದ್ರ. "ಎಡಕ್ಕೆ ತಿರುಗ್ತಾನೇ ಇಲ್ಲವಲ್ಲ?"

"ಎಡಕ್ಕೆ ತಿರುಗ್ಬೇಕು ಅಂತ ನೀವು ಹೇಳಿರ್ಲಿಲ್ಲ ಸಾರ್," ಎಂದ ಪಾಪಣ್ಣ.

"ಪ್ರದಕ್ಷಿಣೆ ಯಾರಾದ್ರೂ ಎಡಕ್ಕೆ ಹಾಕ್ತಾರೇನಪ್ಪ?" ಬರಗೇರಮ್ಮ ಕೇಳಿದಳು.

ರವೀಂದ್ರ ನಕ್ಕು ಲಾರಿಯವನಿಗೆ ಕೈ ಬೀಸಿದರು. ಅವನು ಗೊಣಗುತ್ತ ಹಗ್ಗ ಸುತ್ತಿಕೊಂಡ.

ಪಾಪಣ್ಣ ಯಂತ್ರದ ಮುಂದಿನ ಕಬ್ಬಿಣದ ಹಲಗೆ ಇಳಿಸಿ ಮಣ್ಣು ತಳ್ಳಿದ. ಹಿಂದಕ್ಕೆ ಸರಿದು, ಬಲಕ್ಕೆ ಸುತ್ತಿ, ಮತ್ತೆ ಬಲಕ್ಕೆ ಸುತ್ತಿ ಮಣ್ಣಿನ ಗುಡ್ಡೆಗೆ ಬಂದು ಇನ್ನೊಂದು ಹಲಗೆ ಮಣ್ಣು ತಳ್ಳಿದ. ಊಟಕ್ಕೆ ಕರೆದರೆ ಇಳಿಯಲಿಲ್ಲ. ಸಂಜೆ ಕುರಿಗಳು ಮರಳಿ ಬಂದಾಗ ಬಾಯಿಯ ಅಗಲ ಹತ್ತು ಮಾರಿಗೆ ಇಳಿದಿತ್ತು. ಹಿಂಡು ಎಂದಿನಂತೆ ಅಲ್ಲಿಂದಲೇ ದಾಟಲು ನುಗ್ಗಿ, ಹಸಿಮಣ್ಣಿನ ಮುಂದೆ ಗಲಿಬಿಲಿಗೊಂಡು ನಿಂತಿತು.

"ಸುತ್ತಿ ಹೊಡ್ಕಂಡ್ ಹೋಗ್ರಲೇ," ಪಾಪಣ್ಣ ಮೇಲಿನಿಂದ ಕೂಗಿ ಹೇಳಿದ. "ಇನ್ನು ಇಲ್ಲಿ ದಾರಿ ಇಲ್ಲ."